ಅಡಿಗಿ ಮನ್ಯಾಗ ವೈಫೈ ಯಾಕ ನಿಲ್ಲಂಗಿಲ್ಲ

ಫೋನಿನ ಮ್ಯಾಲೆ ವೈಫೈ ಗೆರಿ ಪೂರಾ ತುಂಬಿರ್ತಾವ. ಆದ್ರ ವಾಟ್ಸಪ್ಪಿನ್ಯಾಗ ಬಂದ ಫೋಟೋ ತೆರಿಯಂಗಿಲ್ಲ. ಮಗಳಿಗೆ ವಿಡಿಯೋ ಕಾಲ್ ಹಚ್ಚಿದ್ರ ಆಕೀ ಮಾರಿ ಅರ್ಧಾ ಬಾಯಿ ತಗದದ್ದು ಹಂಗ ನಿಂತುಬಿಡ್ತದ. ಅಡಿಗಿ ವಿಡಿಯೋ ನೋಡ್ಕೋತ ಒಗ್ಗರಣಿ ಇಟ್ಟಿರ್ತೀವಿ, ಸಾಸಿವಿ ಚಟಪಟ ಅನ್ನೂ ಹೊತ್ತಿಗೆ ಸರಿಯಾಗಿ ಆ ಗುಂಡನ ಗೆರಿ ಗಿರಿಗಿರಿ ತಿರಗಲಿಕ್ಕೆ ಸುರು ಆಗ್ತದ. ವೈಫೈ ಬಂದ್ ಮಾಡಿ ಸಿಮ್ಮಿನ ಡೇಟಾ ಹಾಕಿದ್ರ ಎಲ್ಲಾ ಸುಸೂತ್ರ. ತಿಂಗಳಾ ರೊಕ್ಕಾ ಕೊಟ್ಟು ಮನಿಗೆ ತರಿಸಿದ ವೈಫೈ ಮಾತ್ರ ಕೈ ಕೊಡ್ತದ.

ನಮ್ಮ ಓಣ್ಯಾಗ ಈ ಮಾತು ಹೇಳದ ಹೆಣ್ಣುಮಗಳಿಲ್ಲ. ಹೇಳಿದ್ರ ಸಿಗೂ ಉತ್ತರ ಎರಡೇ. ಒಂದು, "ನಿನಗ ಫೋನ್ ಹಿಡೀಲಿಕ್ಕೆ ಬರಂಗಿಲ್ಲ." ಇನ್ನೊಂದು, "ಫೋನ್ ಹಳೇದಾತು, ಹೊಸಾದು ತಗೊಂಡುಬಿಡು." ಅಂಗಡಿಯವರಂತೂ ಎರಡನೇದನ್ನ ಭಾಳ ಪ್ರೀತಿಲೆ ಹೇಳ್ತಾರ. ಪಿಯುಸಿ ಒಳಗ ನನ್ನ ವಿಷಯ ಇತಿಹಾಸ ಇತ್ತು. ಒಂದು ಜಗಳ ತಿಳೀಬೇಕಂದ್ರ ಅದು ಯಾವಾಗಿಂದ ನಡದದ ಅಂತ ಮೊದಲ ನೋಡಬೇಕು ಅಂತ ನಮ್ಮ ಸರ್ ಕಲಿಸಿದ್ದರು. ಹಂಗ ಈ ವೈಫೈದ ಬೆನ್ನು ಹತ್ತಿದೆ. ಸಿಕ್ಕದ್ದೆಲ್ಲಾ ಓದಿದೆ, ಈ ಲೈನಿನ್ಯಾಗ ಕೆಲಸಾ ಮಾಡೂ ನಮ್ಮ ಅಣ್ಣನ ಮಗನ ತಲಿ ತಿಂದೆ. ನಮ್ಮ ಮನ್ಯಾಗ ವೈಫೈ ಕೊಡೂ ತ್ರಾಸು ಒಂದೂ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಒಂದೊಂದಕ್ಕೂ ಒಂದೊಂದು ಇಸವಿ ಅದ. ನಮ್ಮ ಕೈಗುಣಕ್ಕೂ ಅದಕ್ಕೂ ಭಾಳ ಸಂಬಂಧ ಇಲ್ಲ.

ನನ್ನ ವಾರಿಗಿಯವರಿಗೆ ನೆನಪಿರಬೇಕು. ಮನ್ಯಾಗ ರೇಡಿಯೋ ಇತ್ತಂದ್ರ ಅದಕ್ಕೊಂದು ಲೈಸನ್ಸ್ ಪುಸ್ತಕ ಇರ್ತಿತ್ತು. ವರ್ಷಕ್ಕೊಮ್ಮೆ ಪೋಸ್ಟ್ ಆಫೀಸಿಗೆ ಹೋಗಿ ರೊಕ್ಕಾ ಕಟ್ಟಿ ಸ್ಟಾಂಪ್ ಹಚ್ಚಿಸಿಕೊಂಡು ಬರಬೇಕು. ನಮ್ಮ ಅಪ್ಪಾ ಆ ಪುಸ್ತಕಾನ ರೇಶನ್ ಕಾರ್ಡಿನ ಜೋಡಿ ಟ್ರಂಕಿನ್ಯಾಗ ಇಡ್ತಿದ್ದರು. ಬರೇ ಕೇಳೂ ಪೆಟಿಗಿಗೆ ಯಾಕ ಲೈಸನ್ಸ್ ಅಂದ್ರ, 1933ರಾಗ ಬ್ರಿಟಿಷರು ಒಂದು ಕಾಯಿದೆ ಮಾಡಿದ್ದರು, ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆ ಅಂತ. ತಂತಿ ಇಲ್ಲದ ಕೆಲಸಾ ಮಾಡೂ ಯಂತ್ರ ಯಾರೂ ಲೈಸನ್ಸ್ ಇಲ್ಲದ ಇಟಗೋಬಾರದು ಅಂತ ಅದರ ಸಾರಾಂಶ. ಸ್ವಾತಂತ್ರ್ಯ ಬಂತು, 1950ರ ಜನವರಿ 8ಕ್ಕ ನಮ್ಮ ಧಾರವಾಡಕ್ಕ ರೇಡಿಯೋ ಸ್ಟೇಶನ್ ಬಂತು, ಕಾಯಿದೆ ಹಂಗ ಇತ್ತು. ರೇಡಿಯೋಕ್ಕ ಲೈಸನ್ಸ್ ಬ್ಯಾಡ ಅಂತ ಆದದ್ದು 1980ರ ದಶಕದಾಗ.

ಮನ್ಯಾಗ ಕುಂತು ಗಾಳ್ಯಾಗ ಮಾತು ಬಿಡೂದು ನಮ್ಮ ನಾಡಿಗೆ ಹೊಸಾದಲ್ಲ. 1935ರಾಗ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ಅವರು ತಮ್ಮ ಮನಿ ವಿಠಲ ವಿಹಾರದಾಗ 30 ವಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಸ್ಟೇಶನ್ ಸುರು ಮಾಡಿದರು. ಆಕಾಶವಾಣಿ ಅನ್ನೂ ಹೆಸರು ಬೆಳದದ್ದು ಅಲ್ಲಿಂದ, ಮುಂದ ಇಡೀ ದೇಶದ ರೇಡಿಯೋಕ್ಕ ಅದೇ ಹೆಸರಾತು. ಈಗ ನಮ್ಮ ಪಡಸಾಲ್ಯಾಗ ಮಿಣಮಿಣ ಅಂತ ದೀಪಾ ಹಚಗೊಂಡು ಕೂತಿರ್ತದಲ್ಲ ವೈಫೈ ಡಬ್ಬಿ, ಅದನೂ ಒಂದು ಸಣ್ಣ ರೇಡಿಯೋ ಸ್ಟೇಶನ್ನೇ. ಗೋಪಾಲಸ್ವಾಮಿಯವರದು 30 ವಾಟ್, ನಮ್ಮದು ಹೆಚ್ಚು ಕಡಿಮಿ ಒಂದು ವಾಟಿನ ಹತ್ತನೇ ಪಾಲು. ಅಷ್ಟ ಶಕ್ತಿ ಇಟಗೊಂಡು ಅದು ಗ್ವಾಡಿ ದಾಟಬೇಕು, ಕಪಾಟು ದಾಟಬೇಕು, ಫ್ರಿಜ್ಜು ದಾಟಬೇಕು.

ಇಲ್ಲೆ ಒಂದು ಮಾತು. ವೈಫೈ ಅಂದ್ರ ಒಂದು ಕಡಿಯಿಂದ ಹೇಳೂದಲ್ಲ, ಎರಡೂ ಕಡಿಯಿಂದ ಮಾತಾಡೂದು. ಡಬ್ಬಿ ಫೋನಿಗೆ ಹೇಳ್ತದ, ಫೋನು ಡಬ್ಬಿಗೆ ಹೇಳ್ತದ. ಫೋನಿನ ಮ್ಯಾಲೆ ಕಾಣೂ ಗೆರಿ ಡಬ್ಬಿ ಮಾತು ಫೋನಿಗೆ ಎಷ್ಟು ಜೋರಾಗಿ ಕೇಳಸ್ತದ ಅಂತ ತೋರಸ್ತದ, ಅಷ್ಟ. ಫೋನಿನ ಬ್ಯಾಟರಿ ಸಣ್ಣದು, ಅದರ ದನಿ ಇನ್ನೂ ಸಣ್ಣದು. ಓಣಿ ಆ ತುದಿಯಿಂದ ನಿಮ್ಮ ನೆಗೆಣ್ಣಿ ಜೋರಾಗಿ ಕರದದ್ದು ನಿಮಗ ಕೇಳಸ್ತದ, ನೀವು ಮೆಲ್ಲಕ "ಬಂದೆ" ಅಂದದ್ದು ಆಕೀಗೆ ಕೇಳಂಗಿಲ್ಲ. ಗೆರಿ ಪೂರಾ ಇದ್ದೂ ಕೆಲಸಾ ನಡೀದಿರೂದಕ್ಕ ಇದೊಂದು ದೊಡ್ಡ ಕಾರಣ. ಹಂಗಿದ್ರ ನಾಕು ಹೆಜ್ಜಿ ಡಬ್ಬಿ ಹತ್ರ ಹೋದ್ರ ನಡೀತದ.

ರೇಡಿಯೋ ಕೇಳಲಿಕ್ಕೆ ಲೈಸನ್ಸ್ ಕೇಳಿದ ಸರಕಾರ ಮನಿ ಮನಿಗೆ ಒಂದೊಂದು ಸ್ಟೇಶನ್ ಇಟಗೋಲಿಕ್ಕೆ ಹ್ಯಾಂಗ ಬಿಟ್ಟಿತು? ಇದರ ಬೇರು ಅಡಿಗಿ ಮನ್ಯಾಗ ಅದ. ನಮ್ಮ ಅಡಿಗಿ ಮನ್ಯಾಗ ಅಲ್ಲ, ಅಮೆರಿಕಾದ್ದರಾಗ.

ಎರಡನೇ ಮಹಾಯುದ್ಧದಾಗ ವಿಮಾನ ಹುಡುಕೂ ರೇಡಾರ್ ಯಂತ್ರ ಬಂದ್ವು. ರೇಥಿಯಾನ್ ಅನ್ನೂ ಕಂಪನ್ಯಾಗ ಪರ್ಸಿ ಸ್ಪೆನ್ಸರ್ ಅಂತ ಒಬ್ಬರು ರೇಡಾರಿನ ಅಲೆ ಹುಟ್ಟಿಸೂ ಕೊಳವಿ ಮಾಡ್ತಿದ್ದರು. ಅದರ ಮುಂದ ನಿಂತಾಗ ಕಿಸೆದಾಗಿನ ಮಿಠಾಯಿ ಕರಗಿತು ಅಂತ ಕತಿ ಹೇಳ್ತಾರ. ಕಿಸೆದಾಗ ಚಾಕಲೇಟ್ ಇತ್ತೋ ಶೇಂಗಾದ ಮಿಠಾಯಿ ಇತ್ತೋ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರ, ಇರಲಿ. 1945ರ ಅಕ್ಟೋಬರಿನ್ಯಾಗ ಈ ಅಲೆಯಿಂದ ಅಡಿಗಿ ಮಾಡೂ ಉಪಾಯಕ್ಕ ಅವರು ಪೇಟೆಂಟ್ ಅರ್ಜಿ ಹಾಕಿದ್ದು ಖರೇ. 1947ರಾಗ ಮಾರಲಿಕ್ಕೆ ಬಂದ ಮೊದಲನೇ ಮೈಕ್ರೋವೇವ್ ಆಳೆತ್ತರ ಇತ್ತು, ತೂಕ ಸುಮಾರು 340 ಕಿಲೋ. ಅದನ್ನ ಇಡಬೇಕಂದ್ರ ನಮ್ಮ ಅಡಿಗಿ ಮನಿಯಿಂದ ನಾವು ಹೊರಗ ಬರಬೇಕಾಗ್ತಿತ್ತು.

ಅದೇ 1947ರಾಗ ಅಟ್ಲಾಂಟಿಕ್ ಸಿಟಿ ಅನ್ನೂ ಊರಾಗ ದೇಶ ದೇಶದವರು ಕೂಡಿ ರೇಡಿಯೋ ಅಲೆಗಳನ್ನ ಹಂಚಿಕೊಂಡರು. ಇದು ಹಡಗಿಗೆ, ಇದು ವಿಮಾನಕ್ಕ, ಇದು ಪೊಲೀಸರಿಗೆ, ಇದು ರೇಡಿಯೋಕ್ಕ, ಹಿಂಗ. ಬ್ಯಾರೆ ಕೆಲವು ಯಂತ್ರ ಇದ್ವು. ಅವು ಮಾತಾಡಂಗಿಲ್ಲ, ಆದ್ರ ಅಲೆ ಉಗುಳ್ತಾವ. ಕಾರ್ಖಾನಿಯ ಕಾಸೂ ಯಂತ್ರ, ದವಾಖಾನಿಯ ಶಾಖಾ ಕೊಡೂ ಯಂತ್ರ, ಈ ಹೊಸಾ ಒಲಿ. ಇವುಗಳ ಸಲುವಾಗಿ ಒಂದಿಷ್ಟು ಪಟ್ಟಿ ಬ್ಯಾರೆ ತಗದಿಟ್ಟರು. 2.4 ಗಿಗಾಹರ್ಟ್ಸ್ ಅಂತ ಡಬ್ಬಿ ಮ್ಯಾಲೆ ಬರದಿರ್ತಾರಲ್ಲ, ಅದು ಇಂಥಾ ಪಟ್ಟಿ. ನೀರು ಕಾಯೂದಕ್ಕ ಇದೇ ಅಲೆ ಬೇಕು ಅಂತ ಕೆಲವರು ಬರೀತಾರ, ಅದು ಸುಳ್ಳು. ಬ್ಯಾರೆ ಅಲೆಯಿಂದನೂ ಅನ್ನ ಬಿಸಿ ಆಗ್ತದ. ಯಾರಿಗೂ ತ್ರಾಸು ಆಗಬಾರದು ಅಂತ ಇವುಗಳನ್ನ ಒಂದು ಕಡೆ ಕೂಡಿಸಿದ್ದು, ಅಷ್ಟ. ಮುಂದ ಸುಮಾರು ನಾಲ್ವತ್ತು ವರ್ಷ ಮಾತಾಡೂ ಯಂತ್ರದವರು ಆ ಪಟ್ಟಿ ಅಂದ್ರ ಕಸಾ ಒಗಿಯೂ ಜಾಗಾ ಅಂತ ಮೂಗು ಮುರೀತಿದ್ದರು.

ನಮ್ಮ ಕಡೆ ಹಳ್ಳ್ಯಾಗ ಗಾಯರಾಣ ಇರ್ತದಲ್ಲ, ದನಾ ಮೇಯೂ ಸರಕಾರಿ ಬಯಲು. ಯಾರ ಹೆಸರಲೇನೂ ಉತಾರ ಇರಂಗಿಲ್ಲ, ಎಲ್ಲಾರ ದನಾನೂ ಹೋಗ್ತಾವ. 1985ರ ಮೇ ತಿಂಗಳಾಗ ಅಮೆರಿಕಾದ ಸರಕಾರ ಈ ಪಟ್ಟಿನ ಹಂಗ ಮಾಡಿತು. ಮೈಕೆಲ್ ಮಾರ್ಕಸ್ ಅನ್ನೂ ಇಂಜಿನಿಯರು ಇದರ ಬೆನ್ನು ಹತ್ತಿದ್ದರು. ಕರಾರು ಎರಡು. ಶಕ್ತಿ ಕಡಿಮಿ ಇರಬೇಕು, ಮಾತನ್ನ ಒಂದ ಕಡೆ ಗುಂಪು ಹಾಕದ ಹರವಿ ಕಳಸಬೇಕು. ಇಷ್ಟು ಕೇಳಿದ್ರ ಲೈಸನ್ಸ್ ಬ್ಯಾಡ. ಆದ್ರ ಮತ್ತೊಬ್ಬರ ದನಾ ಬಂದು ನಿಮ್ಮ ಹುಲ್ಲು ಮೇಯ್ತು ಅಂತ ಫಿರ್ಯಾದಿ ಕೊಡಂಗಿಲ್ಲ. ಈ ಕಡೀ ಮಾತು ನೆನಪಿಟಗೋರಿ, ನಮ್ಮ ಮನಿ ವೈಫೈದ ಅರ್ಧಾ ಜಗಳ ಇಲ್ಲೇ ಅದ.

ಗಾಯರಾಣಕ್ಕ ಮೊದಲು ಬಂದವರಾಗ ಅಂಗಡಿ ಗಲ್ಲಾಪೆಟಿಗಿ ಮಾಡೂ ಕಂಪನಿ ಒಂದು, ಎನ್‌ಸಿಆರ್ ಅಂತ. ದೊಡ್ಡ ದೊಡ್ಡ ಅಂಗಡ್ಯಾಗ ಹಬ್ಬಕ್ಕೊಮ್ಮೆ ಕೌಂಟರ್ ಸರಿಸ್ತಾರ, ಸರಿಸಿದಾಗೆಲ್ಲಾ ಗಲ್ಲಾಪೆಟಿಗಿ ವೈರು ಕಿತ್ತು ಎಳೀಬೇಕು. ಅದಕ್ಕ ವೈರ್ ಇಲ್ಲದ ನಡಿಯೂ ಹಂಗ ಮಾಡಬೇಕು ಅಂತ ಅವರ ಆಸೆ. ನೆದರ್‌ಲ್ಯಾಂಡ್ಸ್ ದೇಶದಾಗಿನ ಅವರ ಕಚೇರಿಯವರು ಕೆಲಸಾ ಸುರು ಮಾಡಿದರು. ಅಲ್ಲಿನ ವಿಕ್ ಹೇಸ್ ಅನ್ನವರು, ಬ್ಯಾರೆ ಬ್ಯಾರೆ ಕಂಪನಿ ಯಂತ್ರ ಒಂದಕ್ಕೊಂದು ಮಾತಾಡಬೇಕಂದ್ರ ಎಲ್ಲಾರಿಗೂ ಒಂದೇ ನೇಮ ಬೇಕು ಅಂತ ಕಮಿಟಿ ಒಳಗ ವರ್ಷಗಟ್ಟಲೆ ಕೂತು ಎಲ್ಲಾರನ್ನೂ ಒಪ್ಪಿಸಿದರು. 1990ರಾಗ ಕೂತ ಕಮಿಟಿ 1997ರಾಗ ಎದ್ದಿತು. ಏಳು ವರ್ಷ! ನಮ್ಮ ಸೊಸೈಟಿ ಮೀಟಿಂಗ್ ಇದರ ಮುಂದ ಏನೂ ಅಲ್ಲ.

ಆದ್ರ ಅಂಗಡಿಗಿಂತ ಮನಿ ಕಠಿಣ. ಅಂಗಡಿ ಅಂದ್ರ ಬಯಲು. ಮನಿ ಅಂದ್ರ ಗ್ವಾಡಿ, ಮೂಲಿ, ಕಪಾಟು, ಕನ್ನಡಿ, ಸ್ಟೀಲ್ ಪಾತೇಲಿ. ಅಲೆ ಇವೆಲ್ಲಾಕ್ಕೂ ಬಡದು ತಿರುಗಿ ಬರ್ತದ. ಹೊಸಾ ಮನಿ ಗೃಹಪ್ರವೇಶಕ್ಕ ಹೋದಾಗ ಖಾಲಿ ಖೋಲಿಯೊಳಗ ಮಾತಾಡಿದ್ರ ದನಿ ಗುಂಯ್ ಅಂತದಲ್ಲ, ಹಂಗ. ಒಂದೇ ಮಾತು ನೆಟ್ಟಗ ಒಮ್ಮೆ ಬರ್ತದ, ಗ್ವಾಡಿಗೆ ಬಡದು ಒಮ್ಮೆ ಬರ್ತದ, ಗೋದ್ರೇಜಿಗೆ ಬಡದು ಒಮ್ಮೆ ಬರ್ತದ, ಎಲ್ಲಾ ಕೂಡಿ ಕಲಸುಮೇಲೋಗರ. ಮಾತು ಜಲ್ದಿ ಆದಷ್ಟು ಗದ್ದಲ ಹೆಚ್ಚು.

ಇದನ್ನ ಬಿಡಿಸಿದವರಾಗ ಆಸ್ಟ್ರೇಲಿಯಾದ ಸರಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಓದವರು ಒಬ್ಬರು. ಅವರ ಮುಂದಾಳು ಜಾನ್ ಓ'ಸಲಿವನ್ ಆಕಾಶ ನೋಡೂ ಮನಶ್ಯಾ. ಸಣ್ಣ ಸಣ್ಣ ಕಪ್ಪುಕುಳಿ ಸಿಡದಾಗ ಬರೂ ರೇಡಿಯೋ ಅಲೆ ಹಿಡೀಬೇಕು ಅಂತ ಮೊದಲ ಪ್ರಯತ್ನ ಮಾಡಿದ್ದರು. ಆ ಅಲೆ ಸಿಗಲೇ ಇಲ್ಲ. ಆದ್ರ ಕಲಸಿಹೋದ ಸಂಕೇತಾನ ಬಿಡಿಸಿ ನೋಡೂ ಲೆಕ್ಕಾಚಾರ ಕೈಗೆ ಹತ್ತಿತ್ತು. ಒಂದು ಜೋರಾದ ಓಟದ ಮಾತಿನ ಬದಲಿ ಭಾಳ ಸಾವಕಾಶ ಮಾತು ಒಮ್ಮೆಲೆ ಬ್ಯಾರೆ ಬ್ಯಾರೆ ದನಿಯೊಳಗ ಕಳಿಸೂದು, ಆ ಕಡೆ ಅವನ್ನ ಕೂಡಿಸೂದು. ಪ್ರತಿಯೊಂದೂ ಸಾವಕಾಶ ಇರೂದ್ರಿಂದ ಹಿಂದಿನ ಗುಂಯ್ ಸದ್ದು ಅಡಗಿ ಮುಂದಿನ ಮಾತು ಬರ್ತದ. 1992ರಾಗ ಇದರ ಪೇಟೆಂಟಿಗೆ ಅರ್ಜಿ ಹಾಕಿದರು. ಮುಂದ ದೊಡ್ಡ ದೊಡ್ಡ ಕಂಪನಿಗಳು ರೊಕ್ಕಾ ಕೊಡದ ಉಪಯೋಗಸ್ತಾವ ಅಂತ ಕೋರ್ಟಿಗೆ ಹೋಗಿ, 2009ರಾಗ 14 ಕಂಪನಿಗಳ ಜೋಡಿ ರಾಜಿ ಆತು. ಸ್ಟೀಲ್ ಪಾತೇಲಿ ನಡುವನೂ ಇವತ್ತು ವೈಫೈ ಒಂದಿಷ್ಟಾದರೂ ನಡೀತದಂದ್ರ ಇಂಥಾವರ ಪುಣ್ಯ.

ವೈಫೈ ಕಂಡುಹಿಡದಾಕಿ ಒಬ್ಬಾಕಿ ಸಿನೆಮಾ ನಟಿ ಅಂತ ಒಂದು ಫಾರ್ವರ್ಡ್ ಮೆಸೇಜ್ ನಿಮಗೂ ಬಂದಿರಬೇಕು. ಹೆಡಿ ಲಮಾರ್ ಅಂತ ಆಕೀ ಹೆಸರು. ಹೆಣ್ಣುಮಗಳು ಅಂತ ನನಗೂ ಖುಷಿ ಆತು, ಆದ್ರ ಪೂರಾ ಖರೇ ಅಲ್ಲ. ಆಕೀ ಮತ್ತ ಜಾರ್ಜ್ ಆಂಥೀಲ್ ಅನ್ನೂ ಸಂಗೀತಗಾರ ಕೂಡಿ 1942ರ ಆಗಸ್ಟಿನ್ಯಾಗ ಒಂದು ಪೇಟೆಂಟ್ ಪಡದಿದ್ದರು. ಸಮುದ್ರದಾಗ ಬಿಡೂ ಟಾರ್ಪಿಡೋಕ್ಕ ಅಪ್ಪಣಿ ಕಳಿಸೂ ಅಲೆನ ಶತ್ರು ಕೆಡಿಸಬಾರದು ಅಂತ ಅಲೆ ಕ್ಷಣಕ್ಕೊಮ್ಮೆ ಜಿಗಕೋತ ಹೋಗೂ ಹಂಗ ಮಾಡೂದು. ಪಿಯಾನೋದ ಮನಿ ಎಷ್ಟೋ ಅಷ್ಟು, 88 ಜಾಗಾ. ನೌಕಾಪಡೆ ಆವಾಗ ಅದನ್ನ ಒಲ್ಲೆ ಅಂತ ಬದಿಗಿಟ್ಟಿತು. ಜಿಗಿಯೂ ಆ ವಿಚಾರ ಮುಂದ ಬ್ಯಾರೆಯವರ ಕೈಯ್ಯಾಗ ಬೆಳೀತು. ಇವತ್ತು ಕಿವಿಗೆ ಹಾಕೋಳೂ ಬ್ಲೂಟೂತ್ ಹಿಂಗ ಸೆಕೆಂಡಿಗೆ 1600 ಸಲ ಜಿಗೀತದ. ನಮ್ಮ ವೈಫೈ ಈಗ ಹಂಗ ಜಿಗಿಯಂಗಿಲ್ಲ. ಆಕೀನ್ನ ವೈಫೈದ ತಾಯಿ ಅನ್ನೂದಕ್ಕಿಂತ ದೊಡ್ಡವ್ವ ಅಂದ್ರ ಒಪ್ಪತದ.

1999ರಾಗ ಹೆಸರಿಟ್ಟರು. ಕಮಿಟಿಯವರು ಇಟ್ಟ ಹೆಸರು ಬರೇ ನಂಬರ್, 802.11, ಅದರ ಮುಂದ ಎ, ಬಿ ಅಂತ ಅಕ್ಷರ. ಅದನ್ನ ಯಾರು ನೆನಪಿಡ್ತಾರ? ಹೆಸರು ಮಾಡಿಕೊಡೂ ಒಂದು ಕಂಪನಿಗೆ ರೊಕ್ಕಾ ಕೊಟ್ಟು ವೈಫೈ ಅಂತ ಮಾಡಿಸಿದರು. ಅದಕ್ಕ ಉದ್ದಾನ ಅರ್ಥ ಏನೂ ಇದ್ದಿಲ್ಲ, ಹೈಫೈ ಇದ್ದಂಗ ವೈಫೈ. ಅದೇ ವರ್ಷ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಲ್ಯಾಪ್‌ಟಾಪ್ ಒಂದನ್ನ ರಿಂಗಿನ್ಯಾಗಿಂದ ತೂರಿಸಿ ನೋಡ್ರಿ ವೈರಿಲ್ಲ ಅಂತ ತೋರಿಸಿದರು, ಜಾದೂಗಾರರು ತೋರಸೂ ಹಂಗ.

ಡಬ್ಬಿಯೊಳಗಿಂದ ಎರಡು ಹೆಸರು ಬರ್ತಾವಲ್ಲ, ಒಂದಕ್ಕ ಬರೇ ಹೆಸರು, ಇನ್ನೊಂದಕ್ಕ ಬಾಲದಾಗ 5ಜಿ ಅಂತ, ಆ ಜೋಡಿನೂ 1999ರಾಗ ಹುಟ್ಟಿದ್ದು. ಮೊಬೈಲ್ ಕಂಪನಿಯ 5ಜಿಗೂ ಇದಕ್ಕೂ ಸಂಬಂಧಿಲ್ಲ. ಇದು 5 ಗಿಗಾಹರ್ಟ್ಸ್. ಒಂದೇ ವರ್ಷ ಎರಡು ನೇಮ ಬಂದ್ವು: 2.4ರ ಮ್ಯಾಲೆ ಸೆಕೆಂಡಿಗೆ 11 ಮೆಗಾಬಿಟ್ಟಿಂದು, 5ರ ಮ್ಯಾಲೆ 54 ಮೆಗಾಬಿಟ್ಟಿಂದು. ಜೋರಿಂದು ತುಟ್ಟಿ, ಸಾವಕಾಶದ್ದು ಸೋವಿ. ಮನಿಗೆ ಸೋವಿದ್ದೇ ಮೊದಲ ಬಂತು. ಅದಕ್ಕ ಹಳೇ ಫೋನಿಗೆ, ಸೋವಿ ಫೋನಿಗೆ, ಮನ್ಯಾಗಿನ ವೈಫೈ ಬಲ್ಬಿಗೆ 2.4 ಒಂದೇ ಕಾಣಸ್ತದ. 5 ಎಷ್ಟು ಹುಡುಕಿದ್ರೂ ಸಿಗಂಗಿಲ್ಲ. 2.4ರ ಅಲೆ ಉದ್ದ ಸುಮಾರು ಹನ್ನೆರಡೂವರಿ ಸೆಂಟಿಮೀಟರ್, ಒಂದು ಗೇಣಿಗಿಂತ ಕಡಿಮಿ. 5ರದು ಮೂರು ಬೆರಳಿನಷ್ಟು. ಸಣ್ಣ ಅಲೆ ಓಟಕ್ಕ ಛಲೋ, ಆದ್ರ ಹಳೇ ಮನಿ ದಪ್ಪ ಕಲ್ಲಿನ ಗ್ವಾಡಿ ಮುಂದ ಕೈ ಚೆಲ್ತದ. ಪಡಸಾಲ್ಯಾಗ ಕೂತು ಸಿನೆಮಾ ನೋಡಲಿಕ್ಕೆ 5, ದೂರದ ಖೋಲಿಗೆ 2.4. ಎರಡಕ್ಕೂ ಒಂದೇ ಹೆಸರು ಇಟ್ಟಿದ್ರ ಫೋನು ತಾನೇ ಆರಿಸ್ತದ, ಎಷ್ಟೋ ಸಲ ದೂರ ಬಂದ ಮ್ಯಾಲೂ 5ರ ಸೆರಗು ಬಿಡಂಗಿಲ್ಲ. ಎರಡಕ್ಕೂ ಬ್ಯಾರೆ ಹೆಸರು ಇಡಿಸಿಕೊಂಡ್ರ ನಾವೇ ಆರಸಬಹುದು.

ಇನ್ನ 2.4ರಾಗಿನ ಗದ್ದಲ. ಗಾಯರಾಣದಾಗ ದನಾ ಎಷ್ಟಿರ್ತಾವ ನೋಡ್ರಿ: ನಮ್ಮ ಡಬ್ಬಿ, ಎಡಗಡೆ ಮನಿ ಡಬ್ಬಿ, ಬಲಗಡೆ ಮನಿ ಡಬ್ಬಿ, ಮ್ಯಾಲಿನ ಬಾಡಿಗಿಯವರ ಡಬ್ಬಿ, ಎಲ್ಲಾರ ಬ್ಲೂಟೂತು. ನಮ್ಮ ದೇಶದಾಗ ಈ ಪಟ್ಟ್ಯಾಗ 13 ಚಾನೆಲ್ ಅದಾವ ಅಂತಾರ, ಆದ್ರ ಒಂದರ ಮ್ಯಾಲೊಂದು ಬೀಳದಂಗ ಕೂಡಬೇಕಂದ್ರ ಮೂರಕ್ಕ ಜಾಗಾ: 1, 6, 11. ರಾತ್ರಿ ಎಂಟಕ್ಕ ಎಲ್ಲಾರ ಮನ್ಯಾಗೂ ಟಿವಿ, ಮೊಬೈಲು ಹತ್ತಿದಾಗ ವೈಫೈ ಯಾಕ ತೆವಳ್ತದ ಅಂದ್ರ ಇದಕ್ಕ. ಇನ್ನೊಂದು ವಿಚಿತ್ರ ಅದ. ಅಮೆರಿಕಾದಾಗ 11ರ ತನಕ ಅಷ್ಟ ನಡಸ್ತಾರ. ಅಳಿಯ ಅಲ್ಲಿಂದ ತಂದ ಫೋನಿಗೆ ಒಮ್ಮೊಮ್ಮೆ ನಮ್ಮ ಮನಿ ವೈಫೈ ಹೆಸರೇ ಕಾಣಂಗಿಲ್ಲ, ಬಾಕಿ ಎಲ್ಲಾರ ಫೋನಿಗೂ ಕಾಣಸ್ತದ. ಡಬ್ಬಿ 12, 13ನೇ ಚಾನೆಲ್ಲಿನ ಮ್ಯಾಲೆ ಕೂತಿದ್ರ ಹಿಂಗ ಆಗ್ತದ. ಚಾನೆಲ್ ಬದಲಿ ಮಾಡಿಸಿದ್ರ ಮುಗೀತು.

ಇವೆಲ್ಲಾಕ್ಕೂ ಮೊದಲ ಅಲ್ಲಿ ಕೂತಾಕಿ ಮೈಕ್ರೋವೇವ್. ಒಳಗ ಸುಮಾರು 800 ವಾಟ್ ಕುದೀತಿರ್ತದ, ಬಾಗಿಲ ಸಂದಿಯಿಂದ ಒಂಚೂರು ಸೋರ್ತದ. ನಮಗ ಅದರಿಂದ ಅಪಾಯ ಇಲ್ಲ, ಅಷ್ಟು ಸೋರೂದಕ್ಕ ಕಾಯಿದೇನೂ ಬಿಟ್ಟದ. ಆದ್ರ ಒಂದು ವಾಟಿನ ಹತ್ತನೇ ಪಾಲಿನಾಗ ಪಿಸುಪಿಸು ಮಾತಾಡೂ ವೈಫೈ ಮುಂದ ಅದು ಡೊಳ್ಳು ಬಾರಿಸಿದಂಗ. ಅನ್ನ ಬಿಸಿ ಮಾಡೂ ಎರಡು ನಿಮಿಷ ಕಾಲ್ ಕಟ್ ಆದ್ರ ಫೋನಿನ ತಪ್ಪಲ್ಲ, ಮೈಕ್ರೋವೇವಿಂದೂ ತಪ್ಪಲ್ಲ. ಆಕೀ 1947ರಿಂದ ಅಲ್ಲೇ ಇದ್ದಾಕಿ, ವೈಫೈನೇ ಆಮ್ಯಾಲೆ ಬಂದದ್ದು.

ನಮ್ಮ ದೇಶದಾಗ ಗಾಯರಾಣದ ಬಾಗಿಲು ತೆರದದ್ದು 2005ರ ಜನವರ್ಯಾಗ. 2.4ರ ಪಟ್ಟ್ಯಾಗ ಕಡಿಮಿ ಶಕ್ತಿ ಯಂತ್ರಕ್ಕ ಲೈಸನ್ಸ್ ಬ್ಯಾಡ ಅಂತ ನಿಯಮ ಮಾಡಿದರು. 1933ರ ಕಾಯಿದೆಯೊಳಗೇ ಒಂದು ವಿನಾಯಿತಿ. 2018ರ ಅಕ್ಟೋಬರಿನ್ಯಾಗ 5ರ ಕಡೆನೂ ದೊಡ್ಡ ಜಾಗಾ ಬಿಟ್ಟುಕೊಟ್ಟರು.

ಇನ್ನ ಕೀಲಿ ಇತಿಹಾಸ ಹೇಳಬೇಕು, ಯಾಕಂದ್ರ ಅದರಿಂದ ನಮ್ಮ ಓಣಿ ಕಾಕೂಗ ಆದ ತ್ರಾಸು ಸಣ್ಣದಲ್ಲ. ಕಾಕೂಗ ಎಪ್ಪತ್ತು ದಾಟ್ಯದ. ಮಗಳು ಪುಣೆದಾಗ, ದಿನಾ ಸಂಜಿಕೆ ದೀಪಾ ಹಚ್ಚಿದ ಮ್ಯಾಲೆ ವಿಡಿಯೋ ಕಾಲ್. ಕಾಕೂನ ಫೋನು ಎಂಟು ವರ್ಷದ್ದು. ಇಂಟರ್ನೆಟ್ಟಿನವರು ಬಂದು ಹಳೇ ಡಬ್ಬಿ ತಗದು ಹೊಸಾದು ಹಚ್ಚಿಹೋದರು. ಅವತ್ತಿನಿಂದ ಮನಿಯವರ ಎಲ್ಲಾರ ಫೋನೂ ನಡೀತಾವ, ಕಾಕೂಂದು ಸೇರವೊಲ್ಲದು. ಪಾಸ್‌ವರ್ಡ್ ತಪ್ಪು ಹೊಡೀತಿ ಅಂತ ಮಗ, ಕಣ್ಣು ಕಾಣಂಗಿಲ್ಲ ಅಂತ ಸೊಸಿ. ದೊಡ್ಡ ಅಕ್ಷರದಾಗ ಬರದು ಫ್ರಿಜ್ಜಿಗೆ ಹಚ್ಚಿದರು. ಒಂದೊಂದೇ ಅಕ್ಷರ ನೋಡಿ ಕಾಕೂ ಹೊಡದರು, ಇಲ್ಲ. ಮೂರು ವಾರ ಆದ ಮ್ಯಾಲೆ ಕೇಳೂದೇ ಬಿಟ್ಟರು. ಮಗಳು ಫೋನ್ ಹಚ್ಚಿದ್ರ "ಮಾರಿ ನೋಡಿ ಏನ್ ಮಾಡೂದೈತವ್ವಾ, ದನಿ ಕೇಳಿದ್ರ ಸಾಕು" ಅಂತಿದ್ದರು.

ವೈಫೈಕ್ಕ ಮೊದಲ ಹಾಕಿದ ಕೀಲಿ ಹೆಸರು ವೆಪ್. 2001ರಾಗ ಅದನ್ನ ಒಡಿಯೂದು ಎಷ್ಟು ಹಗುರ ಅಂತ ಗಣಿತದವರು ತೋರಿಸಿದರು. ಗಡಿಬಿಡಿಲೆ 2003ರಾಗ ಡಬ್ಲ್ಯೂಪಿಎ ಅಂತ ಹೊಸಾ ಕೀಲಿ ಬಂತು, 2004ರಾಗ ಅದರ ಎರಡನೇದು, 2018ರಾಗ ಮೂರನೇದು. ಪಾಸ್‌ವರ್ಡ್ ಅದೇ ಇರಬಹುದು, ಆದ್ರ ಕೀಲಿ ತಿರಗೂ ರೀತಿ ಬ್ಯಾರೆ. ಮೂರನೇದು ಬರೂಕಿಂತ ಮೊದಲು ಮಾಡಿದ ಎಷ್ಟೋ ಫೋನಿಗೆ ಆ ರೀತಿ ಗೊತ್ತೇ ಇರಂಗಿಲ್ಲ. ದೀಪಾವಳಿಗೆ ಬಂದಾಗ ನಮ್ಮ ಅಣ್ಣನ ಮಗ ಕಾಕೂನ ಮನಿಗೆ ಹೋಗಿ ಹೊಸಾ ಡಬ್ಬಿ ಸೆಟ್ಟಿಂಗ್ ತಗದು ನೋಡಿದ. ಬರೇ ಮೂರನೇ ಕೀಲಿ ಇಟ್ಟುಹೋಗಿದ್ದರು. ಎರಡೂ ನಡಿಯೂ ಹಂಗ ಮಾಡಿ ಫೋನನ್ನ ಕಾಕೂನ ಕೈಗೇ ಕೊಟ್ಟ. ಅವರು ಫ್ರಿಜ್ಜಿನ ಮ್ಯಾಲಿನ ಚೀಟಿ ನೋಡದ ಹೊಡದರು, ಮೂರು ವಾರದಾಗ ಬಾಯಿಪಾಠ ಆಗಿತ್ತಲ್ಲ. ಒಂದೇ ಸಲಕ್ಕ ಸೇರಿತು. ಸೊಸಿ ಏನೂ ಮಾತಾಡಲಿಲ್ಲ, ಚಹಾ ತಂದಿಟ್ಟಳು.

ಇಂಥಾದ್ದು ಆದಾಗ ಫೋನ್ ಒಗದು ಹೊಸಾದು ತರೂ ಮೊದಲು "ಡಬ್ಬಿ ಒಳಗ ಡಬ್ಲ್ಯೂಪಿಎ ಎಷ್ಟನೇದು ಇಟ್ಟೀರಿ" ಅಂತ ಒಂದು ಮಾತು ಕೇಳ್ರಿ. ಇಷ್ಟು ಕೇಳಿದ್ರ ಅವರೂ ಸ್ವಲ್ಪ ನೆಟ್ಟಗ ಕೂತು ಉತ್ತರಾ ಕೊಡ್ತಾರ.

ಸೇರ್ಯದ ಅಂತ ತೋರಸ್ತದ, ಕೆಳಗ ಮಾತ್ರ "ಇಂಟರ್ನೆಟ್ ಇಲ್ಲ" ಅಂತ ಬರ್ತದ. ಇದು ಬ್ಯಾರೆ ಕತಿ. ಫೋನಿನಿಂದ ಡಬ್ಬಿ ತನಕ ಒಂದು ದಾರಿ, ಡಬ್ಬಿಯಿಂದ ಊರ ಹೊರಗ ಇನ್ನೊಂದು ದಾರಿ. ಮೊದಲನೇದು ಛಲೋ ಇದ್ದು ಎರಡನೇದು ಕಡದಿದ್ರ ಹಿಂಗ ಬರ್ತದ. ಮನ್ಯಾಗ ಎಲ್ಲಾರದೂ ನಿಂತಿದ್ರ ಹೊರಗಿನ ವೈರಿಂದು, ಕಂಪನಿಗೆ ಫೋನ್ ಹಚ್ಚಬೇಕು. ನಮ್ಮದೊಂದೇ ನಿಂತಿದ್ರ ಮನಿ ನಂಬರಿನ ಗೊಂದಲ ಇರಬಹುದು. ಇಂಟರ್ನೆಟ್ಟಿನ್ಯಾಗ ಪ್ರತಿ ಯಂತ್ರಕ್ಕೂ ಒಂದು ನಂಬರ್ ಬೇಕು. 1981ರಾಗ ಆ ನೇಮ ಬರದಾಗ ಸುಮಾರು 430 ಕೋಟಿ ನಂಬರ್ ಸಾಕಾಗ್ತಾವ ಅನಿಸಿತ್ತು, ಸಾಲಲಿಲ್ಲ. ಅದಕ್ಕ 1996ರಾಗ ಒಂದಿಷ್ಟು ನಂಬರನ್ನ ಮನಿಯೊಳಗಷ್ಟ ನಡಿಯೂ ಹಂಗ ತಗದಿಟ್ಟರು. 192.168 ಅಂತ ಸುರು ಆಗೂ ನಂಬರ್ ನನ್ನ ಮನ್ಯಾಗೂ ಅದ, ನಿಮ್ಮ ಮನ್ಯಾಗೂ ಅದ, ಎಲ್ಲಾ ಊರಾಗೂ ಗಾಂಧಿ ಚೌಕ ಇದ್ದಂಗ. ಬಂದ ಫೋನಿಗೆಲ್ಲಾ ಡಬ್ಬಿ ಒಂದೊಂದು ನಂಬರ್ ಸ್ವಲ್ಪ ಹೊತ್ತಿನ ಮಟ್ಟಿಗೆ ಕೊಡ್ತದ, ಆಮ್ಯಾಲೆ ಹೊಸಾ ಮಾಡಿಕೊಡ್ತದ. ಒಮ್ಮೊಮ್ಮೆ ಇಬ್ಬರಿಗೆ ಒಂದೇ ನಂಬರ್ ಬೀಳ್ತದ, ಇಲ್ಲಾ ಫೋನು ಹಳೇ ನಂಬರ್ ಹಿಡಕೊಂಡು ಕೂಡ್ತದ. ಸೆಟ್ಟಿಂಗಿಗೆ ಹೋಗಿ ಆ ವೈಫೈ ಹೆಸರನ್ನ "ಮರೆತುಬಿಡು" ಅಂತ ಒತ್ತಿ ಮತ್ತ ಪಾಸ್‌ವರ್ಡ್ ಹಾಕಿದ್ರ ಹೊಸಾ ನಂಬರ್ ಸಿಗ್ತದ. ಡಬ್ಬಿ ಬಂದ್ ಮಾಡಿ ಒಂದು ನಿಮಿಷ ಬಿಟ್ಟು ಹಚ್ಚಿದ್ರ ಎಲ್ಲಾರಿಗೂ ಹೊಸದಾಗಿ ಹಂಚತದ. "ಬಂದ್ ಮಾಡಿ ಹಚ್ಚು" ಅನ್ನೂದು ಮಂತ್ರ ಏನಲ್ಲ, ಅದರ ಹಿಂದ ಈ ಲೆಕ್ಕ ಅದ.

ಫೋನಿನ ತಾರೀಖನ್ನೂ ಒಮ್ಮೆ ನೋಡ್ರಿ. ಬ್ಯಾಟರಿ ಪೂರಾ ಸತ್ತು ಎದ್ದ ಫೋನು ಕೆಲವೊಮ್ಮೆ ಹಳೇ ವರ್ಷಕ್ಕ ಹೋಗಿ ಕೂತಿರ್ತದ. ಬ್ಯಾಂಕು, ವಾಟ್ಸಪ್ಪು ಎಲ್ಲಾ ತಮ್ಮ ಗುರುತಿನ ಚೀಟಿ ತಾರೀಖು ಫೋನಿನ ತಾರೀಖಿನ ಜೋಡಿ ತಾಳೆ ಆಗದಿದ್ರ ಬಾಗಿಲು ತೆರಿಯಂಗಿಲ್ಲ. ವೈಫೈ ಛಲೋನೇ ಇರ್ತದ, ಸುಮ್ಮನ ಅದಕ್ಕ ಬೈಗಳ.

ಕಡೀಕ ಡಬ್ಬಿ ಇಡೂ ಜಾಗಾ. ಇದಕ್ಕೂ ಇತಿಹಾಸ ಅದ, ಆದ್ರ ಯಾವ ಪುಸ್ತಕದಾಗೂ ಬರದಿಲ್ಲ, ನಿಮ್ಮ ನಿಮ್ಮ ಗ್ವಾಡಿ ನೋಡಿದ್ರ ಕಾಣಸ್ತದ. ಮನಿಗೆ ಮೊದಲು ಟೆಲಿಫೋನ್ ಬಂದಾಗ ಅದನ್ನ ಎಲ್ಲಿ ಇಟ್ಟಿದ್ರು? ಪಡಸಾಲ್ಯಾಗ, ಬಾಗಲ ಹತ್ರ, ಮ್ಯಾಲೆ ಕಸೂತಿ ಹಾಕಿದ ಅರಿಬಿ ಹೊಚ್ಚಿ. ಬಂದವರಿಗೆ ಕಾಣಬೇಕಲ್ಲ! ವೈರು ಅಲ್ಲಿಗೆ ಬಂತು. ಆಮ್ಯಾಲೆ ಕೇಬಲ್ ಟಿವಿ ವೈರೂ ಅಲ್ಲೇ, ಇಂಟರ್ನೆಟ್ಟಿನ ವೈರೂ ಅದೇ ತೂತಿನ್ಯಾಗ. ಡಬ್ಬಿ ಟಿವಿ ಬಾಜೂಕ ಕೂತಿತು. ಅಡಿಗಿ ಮನಿ ಮನಿಯ ಆ ತುದಿಗೆ. ನಡುವ ದೇವರ ಮನಿ ಗ್ವಾಡಿ, ಸ್ಟೀಲ್ ಮಾಂಡಣಿ, ಫ್ರಿಜ್ಜು, ನೀರಿನ ಹಂಡೆ. ಲೋಹ ಅಲೆನ ವಾಪಸ್ ಕಳಸ್ತದ, ನೀರು ಕುಡೀತದ. ದಿನಕ್ಕ ಎಂಟು ತಾಸು ಯಾರು ಎಲ್ಲಿ ನಿಂತಿರ್ತಾರ ಅಂತ ಡಬ್ಬಿ ಇಡೂ ಮುಂದ ಯಾರೂ ಕೇಳಿಲ್ಲ.

ನಮ್ಮ ಮನ್ಯಾಗ ಅದನ್ನ ಟಿವಿ ಬಾಜೂದಿಂದ ಎಬ್ಬಿಸಿ ಪಡಸಾಲಿ ಮತ್ತ ಅಡಿಗಿ ಮನಿ ನಡುವಿನ ಬಾಗಲ ಮ್ಯಾಲೆ, ಎತ್ತರಕ್ಕ, ಬಯಲಿಗೆ ಇಟ್ಟೇವಿ. ಹನ್ನೆರಡು ಮೀಟರ್ ವೈರು ಹೆಚ್ಚಿಗಿ ಬಿತ್ತು. ಟಿವಿಗೂ ಬರ್ತದ, ಒಲಿ ಮುಂದನೂ ಬರ್ತದ. ಹೊಸಾ ಬಣ್ಣದ ಗ್ವಾಡಿಗೆ ನಾಕು ಮೊಳಿ ಹೊಡದದ್ದಕ್ಕ ಮಾತ್ರ ನಮ್ಮ ಮನಿಯವರು ಇನ್ನೂ ಗೊಣಗ್ತಾರ.